ನಾಡಿ ನಿಲ್ಲಿಸಿದ ಮೇಷ್ಟ್ರು ಉಸಿರು ಕಲಿಸಿದ ಕಥೆ

ಜೂನ್ ತಿಂಗಳು ಬಂತೆಂದರೆ ನಮ್ಮ ಐದೂ ತಾಲೂಕಿನಲ್ಲಿ ಎರಡು ಮಾತು ಗ್ಯಾರಂಟಿ. ಒಂದು, ಮಳೆ ಬಂತೋ ಇಲ್ಲವೋ. ಇನ್ನೊಂದು, 21ನೇ ತಾರೀಖಿನ ಯೋಗ ದಿನ. 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. 2015ರಿಂದ ಊರೂರಲ್ಲೂ ನಡೆಯುತ್ತಿದೆ. ಬೆಳಿಗ್ಗೆ ಮೈದಾನದಲ್ಲಿ ಜಮಖಾನ ಹಾಸ್ತಾರೆ, ಮೈಕು ಕೂಗುತ್ತೆ, ಭಾಷಣ ಆಗುತ್ತೆ, ಫೋಟೋ ಆಗುತ್ತೆ. 22ನೇ ತಾರೀಖು ಸುತ್ತಿಟ್ಟ ಜಮಖಾನ ಬಿಚ್ಚೋದು ಮುಂದಿನ ಜೂನ್‌ಗೇ.

ಇದರಲ್ಲಿ ಯಾರನ್ನೂ ದೂರುವ ಮಾತಿಲ್ಲ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂತು ಸೊಂಟ ಹಿಡಿಸಿಕೊಂಡ ಅಂಗಡಿಯವರು, ಹರಪನಹಳ್ಳಿಯಿಂದ ಹಡಗಲಿಗೆ, ಕೂಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿಗೆ ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೋಗಿಬರುವ ಮೇಷ್ಟ್ರು, ಗುಮಾಸ್ತರು, ಕಾಲೇಜು ಹುಡುಗರು, ಇವರೆಲ್ಲ ಕೇಳೋದು ಒಂದೇ ಪ್ರಶ್ನೆ. ಯೋಗ ಅಂದ್ರೆ ಕಾಲು ಎತ್ತಿ ಕುತ್ತಿಗೆ ಮೇಲೆ ಹಾಕಿಕೊಳ್ಳೋದು, ತಲೆ ಕೆಳಗೆ ಮಾಡಿ ನಿಲ್ಲೋದು. ಅದು ನಮ್ಮಂಥವರಿಗೆ ಆಗೋ ಮಾತೇ?

ಆಗುತ್ತೆ ಎಂದು ತೋರಿಸಿಕೊಟ್ಟವರು ನಮ್ಮ ನೆರೆಯವರೇ ಒಬ್ಬರಿದ್ದರು. ಇಂದು ಜಗತ್ತಿನ ಯಾವ ಪಟ್ಟಣಕ್ಕೆ ಹೋದರೂ ಚಾಪೆ ಹಾಸಿ ಆಸನ ಕಲಿಸುವವರಲ್ಲಿ ಬಹಳ ಮಂದಿಯ ಗುರುಪರಂಪರೆ ಹುಡುಕುತ್ತಾ ಹೋದರೆ ಅದು ಈ ಒಬ್ಬ ಕನ್ನಡನಾಡಿನ ಮನುಷ್ಯನ ಮನೆಬಾಗಿಲಿಗೆ ಬಂದು ನಿಲ್ಲುತ್ತದೆ. ಅವರೇ ತಿರುಮಲೈ ಕೃಷ್ಣಮಾಚಾರ್ಯರು. ತೀರಿಕೊಂಡದ್ದು 1989ರಲ್ಲಿ. ಬದುಕಿದ್ದು ಬರೋಬ್ಬರಿ ನೂರು ವರ್ಷ.

ಗಡಿಯ ಆಚೆ ಹುಟ್ಟಿದ ಹುಡುಗ

ಕೂಡ್ಲಿಗಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಸಿಗೋದು ಚಿತ್ರದುರ್ಗ. ಆ ಜಿಲ್ಲೆಯ ಮುಚುಕುಂದಪುರ ಎಂಬ ಹಳ್ಳಿಯಲ್ಲಿ 1888ರ ನವೆಂಬರ್ 18ರಂದು ಕೃಷ್ಣಮಾಚಾರ್ಯರು ಹುಟ್ಟಿದರು. ಆಗ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯೆಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಚಿತ್ರದುರ್ಗ ಮಾತ್ರ ಮೈಸೂರು ಮಹಾರಾಜರ ಸೀಮೆ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರಿಗೆ ಸೇರುವವರೆಗೂ ನಡುವೆ ಸರ್ಕಾರದ ಗಡಿ ಇತ್ತು. ಬಿಸಿಲು ಒಂದೇ, ಜೋಳ-ರಾಗಿ ಒಂದೇ, ಬರಗಾಲವೂ ಒಂದೇ.

ತಂದೆ ಶ್ರೀನಿವಾಸ ತಾತಾಚಾರ್ಯರು ವೇದ ಹೇಳಿಕೊಡುವವರು. ತಾಯಿ ರಂಗನಾಯಕಮ್ಮ. ಆರು ಮಕ್ಕಳಲ್ಲಿ ಇವರೇ ಹಿರಿಯರು. ಐದನೇ ವಯಸ್ಸಿಗೇ ತಂದೆ ಸಂಸ್ಕೃತದ ಜೊತೆಗೆ ಎರಡು-ಮೂರು ಆಸನಗಳನ್ನೂ ಹೇಳಿಕೊಟ್ಟರಂತೆ. ಆದರೆ ಹುಡುಗನಿಗೆ ಹತ್ತು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಸಂಸಾರ ಮೈಸೂರಿಗೆ ಹೋಯಿತು. ಅಲ್ಲಿನ ಪರಕಾಲ ಮಠದ ಪೀಠದಲ್ಲಿದ್ದವರು ಇವರ ಮುತ್ತಜ್ಜನೇ. ಹುಡುಗ ಮಠದಲ್ಲಿ, ಪಾಠಶಾಲೆಯಲ್ಲಿ ಓದಿ ಬೆಳೆದ.

ಹದಿನೆಂಟನೇ ವಯಸ್ಸಿಗೆ, ಅಂದ್ರೆ 1906ರಲ್ಲಿ, ಕಾಶಿಗೆ ಹೊರಟರು. ತರ್ಕ, ವ್ಯಾಕರಣ, ಮೀಮಾಂಸೆ, ವೇದಾಂತ ಓದಿದರು. ಮೈಸೂರಿಗೆ ಬಂದು, ಮತ್ತೆ 1914ರಲ್ಲಿ ಕಾಶಿಗೆ ಹೋದರು. ಮನೆಯಿಂದ ಹಣ ಬರೋ ಪರಿಸ್ಥಿತಿ ಇರಲಿಲ್ಲ. ದಿನಕ್ಕೆ ಏಳೇ ಮನೆ ಎಂದು ಲೆಕ್ಕ ಇಟ್ಟುಕೊಂಡು ಭಿಕ್ಷೆ ಬೇಡುತ್ತಿದ್ದರು. ಸಿಕ್ಕ ಗೋಧಿ ಹಿಟ್ಟು ಕಲಸಿ ಸುಟ್ಟುಕೊಂಡು ತಿಂದರೆ ಅದೇ ಆ ದಿನದ ಊಟ. ಹೀಗೆ ಉಂಡೂ ಒಂದಾದ ಮೇಲೊಂದು ಪರೀಕ್ಷೆ ಪಾಸು ಮಾಡಿದರು.

ಇಷ್ಟೆಲ್ಲ ಓದಿದವರಿಗೆ ಯೋಗದ ಗ್ರಂಥಗಳು ಬಾಯಿಗೆ ಬರುತ್ತಿದ್ದವು, ಮೈಗೆ ಬಂದಿರಲಿಲ್ಲ. ಮೈಗೂ ಕಲಿಸುವ ಗುರು ಬೇಕೆಂದು ಹುಡುಕಾಟ ಶುರುವಾಯಿತು. ಕಾಶಿಯ ದೊಡ್ಡ ವಿದ್ವಾಂಸ ಗಂಗಾನಾಥ ಝಾ ಅವರು ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಹೆಸರು ಹೇಳಿದರು. ಅವರು ಇದ್ದದ್ದು ಹಿಮಾಲಯ ದಾಟಿ, ಟಿಬೆಟ್ಟಿನ ಮಾನಸ ಸರೋವರದ ಹತ್ತಿರ. ಕೃಷ್ಣಮಾಚಾರ್ಯರು ಅಲ್ಲಿಗೂ ಹೋದರು. ಅವರೇ ಹೇಳಿಕೊಂಡಿರುವ ಪ್ರಕಾರ ಗುರುವಿನ ಬಳಿ ಏಳೂವರೆ ವರ್ಷ ಇದ್ದರು.

ಪಾಠ ಮುಗಿದ ಮೇಲೆ ಗುರುದಕ್ಷಿಣೆ ಏನೆಂದು ಕೇಳಿದರೆ, ಆ ಗುರು ಕೇಳಿದ್ದು ಚಿನ್ನವನ್ನಲ್ಲ. ಊರಿಗೆ ವಾಪಸು ಹೋಗು, ಮದುವೆಯಾಗು, ಮಕ್ಕಳು-ಮರಿ ಆಗಲಿ, ಸಂಸಾರದಲ್ಲಿದ್ದುಕೊಂಡೇ ಯೋಗ ಕಲಿಸು ಎಂಬ ಅರ್ಥದ ಕಟ್ಟಳೆ ಹಾಕಿದರಂತೆ. ಯೋಗ ಅಂದ್ರೆ ಸಂನ್ಯಾಸಿಗಳ ಸೊತ್ತು ಎನ್ನುವವರು ಇದನ್ನು ಗಮನಿಸಬೇಕು. ಅದನ್ನು ಜಗತ್ತಿಗೆ ಹಂಚಿದವರು ಆರು ಮಕ್ಕಳ ತಂದೆ.

ಹೆಂಡತಿ ಸೀರೆಯ ತುಂಡೇ ಕೌಪೀನ

1925ರಲ್ಲಿ ನಾಮಗಿರಿಯಮ್ಮನವರ ಜೊತೆ ಮದುವೆಯಾಯಿತು. ದೊಡ್ಡ ದೊಡ್ಡ ಪಾಠಶಾಲೆಗಳಲ್ಲಿ ಪಂಡಿತರ ಕೆಲಸ ಸಿಗುವಷ್ಟು ಓದು ಇತ್ತು. ಆದರೆ ಗುರುವಿಗೆ ಕೊಟ್ಟ ಮಾತಿನಂತೆ ಯೋಗ ಕಲಿಸುತ್ತೇನೆ ಅಂತ ಹೊರಟರು. ಆ ಕಾಲಕ್ಕೆ ಯೋಗ ಕಲಿಸುವವರಿಗೆ ಸಂಬಳ ಕೊಡುವವರಾರು? ಯೋಗಿ ಅಂದ್ರೆ ಜಾತ್ರೆಯಲ್ಲಿ ಮುಳ್ಳಿನ ಮೇಲೆ ಮಲಗೋ ಬೈರಾಗಿ ಅನ್ನೋ ತಿಳುವಳಿಕೆ ಜನರದು.

ಬಡತನ ಎಷ್ಟಿತ್ತೆಂದರೆ ಹೆಂಡತಿಯ ಸೀರೆಯಿಂದ ಹರಿದ ತುಂಡನ್ನೇ ಕೌಪೀನ ಮಾಡಿಕೊಂಡು ಉಟ್ಟರೆಂದು ಮನೆಯವರು ನೆನೆಸಿಕೊಂಡಿದ್ದಾರೆ. ಕೊನೆಗೆ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಣೆ ಕೆಲಸಕ್ಕೆ ಸೇರಿದರು. ಕಾಶಿಯ ವಿದ್ವಾಂಸರು ಅರ್ಧ ಚಡ್ಡಿ, ಅರ್ಧ ತೋಳಿನ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಕೋಲು ಹಿಡಿದು ಕೂಲಿಯಾಳುಗಳ ಹಿಂದೆ ಓಡಾಡಿದರು. ಬಿಡುವು ಸಿಕ್ಕಾಗ ಊರೂರಿಗೆ ಹೋಗಿ ಯೋಗದ ಪ್ರದರ್ಶನ ಕೊಡುತ್ತಿದ್ದರು. 1927ರಲ್ಲಿ ಹಾಸನದಲ್ಲಿ ಅಂಥದ್ದೊಂದು ಪ್ರದರ್ಶನ ನೋಡಿದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗ ಮರುದಿನವೇ ಶಿಷ್ಯನಾದ. ಆತನೇ ಮುಂದೆ ಮೈಸೂರಿನಿಂದ ಅಷ್ಟಾಂಗ ಯೋಗವನ್ನು ಹೊರದೇಶಗಳಿಗೆ ಮುಟ್ಟಿಸಿದ, 2009ರಲ್ಲಿ ತೀರಿಕೊಂಡ ಕೆ. ಪಟ್ಟಾಭಿ ಜೋಯಿಸರು.

ಅರಮನೆಯ ಯೋಗಶಾಲೆ

ದೆಸೆ ತಿರುಗಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಣ್ಣಿಗೆ ಬಿದ್ದ ಮೇಲೆ. 1931ರಲ್ಲಿ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳಲು ಕರೆ ಬಂತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲೇ ಯೋಗಶಾಲೆ ತೆರೆಯಿತು. ಅರಸು ಮನೆತನದ ಹುಡುಗರೇ ಹೆಚ್ಚಾಗಿ ಅಲ್ಲಿನ ವಿದ್ಯಾರ್ಥಿಗಳು. ಹುಡುಗರೆಂದ ಮೇಲೆ ಒಂದು ಕಡೆ ಕೂರುತ್ತಾರೆಯೇ? ಅದಕ್ಕೇ ಇರಬೇಕು, ಉಸಿರಿಗೆ ತಕ್ಕಂತೆ ಒಂದು ಆಸನದಿಂದ ಇನ್ನೊಂದಕ್ಕೆ ಹಾರುತ್ತಾ, ಬಾಗುತ್ತಾ ಹೋಗುವ ಚುರುಕಿನ ಕ್ರಮ ಅಲ್ಲಿ ಬೆಳೆಯಿತು. ನಮ್ಮ ಗರಡಿಮನೆಯ ದಂಡ, ಬಸ್ಕಿ ಮತ್ತು ಆ ಕಾಲದ ಅಂಗಸಾಧನೆಯ ನೆರಳೂ ಅದರ ಮೇಲೆ ಬಿದ್ದಿದೆ ಎಂದು ಈಚಿನ ಸಂಶೋಧಕರು ವಾದಿಸುತ್ತಾರೆ. ಇದ್ದರೆ ತಪ್ಪೇನಿಲ್ಲ. ಗರಡಿಯೂ ನಮ್ಮದೇ, ಯೋಗವೂ ನಮ್ಮದೇ.

1934ರಲ್ಲಿ ಅವರ ಯೋಗ ಮಕರಂದ ಪುಸ್ತಕ ಅರಮನೆಯ ಆಶ್ರಯದಲ್ಲಿ ಹೊರಬಂತು. 1941ರಲ್ಲಿ ಯೋಗಾಸನಗಳು ಎಂಬ ಇನ್ನೊಂದು. ಎರಡೂ ಕನ್ನಡದಲ್ಲಿ. ಇಂದು ಅಮೆರಿಕ, ಜರ್ಮನಿಯವರು ಭಾಷಾಂತರ ಮಾಡಿಸಿಕೊಂಡು ಓದುವ ಪುಸ್ತಕ ಮೊದಲು ಅಚ್ಚಾದದ್ದು ನಮ್ಮ ನುಡಿಯಲ್ಲಿ ಎಂಬುದನ್ನು ನಾವೇ ಮರೆತುಬಿಟ್ಟಿದ್ದೇವೆ.

ಯೋಗಕ್ಕೆ ಜನ ಸೇರಬೇಕಲ್ಲ, ಅದಕ್ಕೆ ಪವಾಡದ ಹಾಗೆ ಕಾಣುವ ಆಟಗಳನ್ನೂ ಆಡಿದರು. ಓಡುವ ಕಾರನ್ನು ಕೈಯಿಂದ ತಡೆದರು, ಭಾರವಾದ ಸಾಮಾನನ್ನು ಹಲ್ಲಿನಿಂದ ಎತ್ತಿದರು, ನಾಡಿ ಬಡಿತ ಸಿಗದಂತೆ ಮಾಡಿ ತೋರಿಸಿದರು. 1935ರಲ್ಲಿ ಫ್ರಾನ್ಸಿನಿಂದ ಬಂದ ವೈದ್ಯೆ ತೆರೇಸ್ ಬ್ರಾಸ್ ಯಂತ್ರ ಹಚ್ಚಿ ಪರೀಕ್ಷೆ ಮಾಡಿದರು. ಹೃದಯವೇ ನಿಂತಿತು ಎಂದು ಲೋಕದಲ್ಲೆಲ್ಲ ಸುದ್ದಿಯಾಯಿತು. ನಿಜ ಏನೆಂದರೆ, ಹೃದಯ ನಿಲ್ಲುವುದಿಲ್ಲ. ಉಸಿರು ಬಿಗಿಹಿಡಿದು ಎದೆ-ಹೊಟ್ಟೆಯ ಸ್ನಾಯುಗಳನ್ನು ಗಟ್ಟಿಯಾಗಿ ಒತ್ತಿದರೆ ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗಿ ಮುಂಗೈಯ ನಾಡಿ ಸಿಗದಂತಾಗುತ್ತದೆ. 1961ರಲ್ಲಿ ಪ್ರಕಟವಾದ ವೈದ್ಯರ ಅಧ್ಯಯನವೊಂದು ಇದನ್ನು ಬಿಡಿಸಿ ಹೇಳಿತು. ಓದುಗರು ಯಾರೂ ಮನೆಯಲ್ಲಿ ಪ್ರಯತ್ನಿಸುವುದು ಬೇಡ, ಅಪಾಯ.

ಈ ಕಥೆಯ ಮುಂದಿನ ಭಾಗವೇ ಮುಖ್ಯ. ಬಹಳ ವರ್ಷದ ಮೇಲೆ ಮಗನೇ ಈ ವಿದ್ಯೆ ಕಲಿಸೆಂದು ಕೇಳಿದಾಗ ಅಪ್ಪ ಕಲಿಸಲಿಲ್ಲ. ಅದರಿಂದ ಸಮಾಜಕ್ಕೆ ಏನೂ ಉಪಯೋಗವಿಲ್ಲ, ಮಾಡುವವನಿಗೆ ಅಹಂಕಾರ ಬರುತ್ತದೆ ಅಷ್ಟೇ ಎಂಬುದು ಅವರ ತೀರ್ಮಾನವಾಗಿತ್ತು. ತಮಗೆ ಹೆಸರು ತಂದುಕೊಟ್ಟ ಆಟವನ್ನು ತಾವೇ ಕಸದ ಬುಟ್ಟಿಗೆ ಹಾಕುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಕಟುಗುರು

ಮೈಸೂರಿನ ದಿನಗಳಲ್ಲಿ ಕೃಷ್ಣಮಾಚಾರ್ಯರು ಸಿಟ್ಟಿನ ಮನುಷ್ಯ. ಅವರು ಬರುತ್ತಿದ್ದಾರೆಂದರೆ ಜನ ರಸ್ತೆಯ ಆ ಬದಿಗೆ ದಾಟುತ್ತಿದ್ದರಂತೆ. ಇದನ್ನು ಬಲ್ಲವರು ಅವರ ಬಾಮೈದ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ವಿಷಮ ಶೀತಜ್ವರದ ಹಾವಳಿಯ ಕಾಲದಲ್ಲಿ ಹುಟ್ಟಿದ ಹುಡುಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಹಿಂದೊಂದು ಬಂದು ಕೈಕಾಲು ಕಡ್ಡಿಯಾಗಿದ್ದವು. 1934ರಲ್ಲಿ ಅಕ್ಕ ನಾಮಗಿರಿಯಮ್ಮನ ಮನೆಗೆ ಬಂದ ಈ ಹುಡುಗನಿಗೆ ಭಾವ ಯೋಗ ಹೇಳಿಕೊಟ್ಟರು. ಹೇಳಿಕೊಟ್ಟರು ಅನ್ನುವುದಕ್ಕಿಂತ ಬಗ್ಗಿಸಿದರು ಅನ್ನಬಹುದು. ತಯಾರಿಯಿಲ್ಲದೆ ಕಷ್ಟದ ಆಸನ ಹಾಕಿಸಿದ್ದರಿಂದ ಪೆಟ್ಟಾಗಿ ನೋವು ತಿಂದದ್ದನ್ನು ಆ ಹುಡುಗ ದೊಡ್ಡವರಾದ ಮೇಲೆ ಮುಚ್ಚಿಡದೆ ಹೇಳಿಕೊಂಡರು. 1937ರಲ್ಲಿ ಭಾವನೇ ಅವರನ್ನು ಪುಣೆಗೆ ಕಳಿಸಿದರು. ಅವರೇ ಬಿ.ಕೆ.ಎಸ್. ಅಯ್ಯಂಗಾರ್. ಹಗ್ಗ, ಕುರ್ಚಿ, ಇಟ್ಟಿಗೆಯಂಥ ಮರದ ತುಂಡು, ಮಡಿಸಿದ ಕಂಬಳಿ ಬಳಸಿ ಬಗ್ಗದವರಿಗೂ ಆಸನ ಹಾಕಿಸುವ ದಾರಿಯನ್ನು ಅವರು ಕಂಡುಹಿಡಿದದ್ದು ತಾವು ಉಂಡ ನೋವಿನ ಅನುಭವದಿಂದಲೂ ಇರಬಹುದು. ಅವರು 2014ರಲ್ಲಿ ತೀರಿಕೊಂಡರು.

ಹೆಂಗಸರಿಗೆ, ಹೊರದೇಶದವರಿಗೆ ಕಲಿಸುವುದಿಲ್ಲ ಎಂಬ ಹಟವೂ ಆಗ ಇತ್ತು. ರಿಗಾ ಪಟ್ಟಣದಲ್ಲಿ ಹುಟ್ಟಿದ ಒಬ್ಬ ಮಹಿಳೆ ಬಂದು ಕೇಳಿದಾಗ ಮೊದಲು ಆಗುವುದಿಲ್ಲ ಎಂದರು. ಮಹಾರಾಜರು ಮಾತು ಹಾಕಿದ ಮೇಲೆ ಒಪ್ಪಿದರು. ಕಠಿಣ ನಿಯಮ ಹಾಕಿದರೆ ಬಿಟ್ಟು ಹೋದಾಳು ಎಂದುಕೊಂಡಿದ್ದರು. ಆಕೆ ಬಿಡಲಿಲ್ಲ. ಕೊನೆಗೆ ಗುರುಗಳೇ ಮೆಚ್ಚಿ, ಬೇರೆಯವರಿಗೂ ಕಲಿಸೆಂದು ಹೇಳಿ ಕಳಿಸಿದರು. ಇಂದ್ರಾದೇವಿ ಎಂಬ ಹೆಸರಿನ ಆಕೆ 1947ರಲ್ಲಿ ಅಮೆರಿಕದ ಹಾಲಿವುಡ್ಡಿನಲ್ಲಿ ಯೋಗಶಾಲೆ ತೆರೆದರು. ಸಿನಿಮಾ ನಟಿಯರೆಲ್ಲ ಸಾಲುಗಟ್ಟಿ ಬಂದರು. ಹೀಗೆ ಗುರುಗಳು ಸಮುದ್ರ ದಾಟದಿದ್ದರೂ ಅವರ ವಿದ್ಯೆ ದಾಟಿತು.

ಅರವತ್ತರ ಮೇಲೆ ಮತ್ತೆ ಮೊದಲಿನಿಂದ

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಕೈ ಬಿಗಿಯಾಯಿತು. 1950ರಲ್ಲಿ ಯೋಗಶಾಲೆಗೆ ಬೀಗ ಬಿತ್ತು. ಕೃಷ್ಣಮಾಚಾರ್ಯರಿಗೆ ಆಗ ಅರವತ್ತೆರಡರ ಆಸುಪಾಸು. ಸರ್ಕಾರಿ ನೌಕರರು ರಿಟೈರ್ ಆಗಿ ಜಗಲಿ ಕಟ್ಟೆ ಮೇಲೆ ಕೂರುವ ವಯಸ್ಸು. ಇವರಿಗೆ ಪೆನ್ಷನ್ನೂ ಇಲ್ಲ, ಅರಮನೆಯೂ ಇಲ್ಲ.

1952ರ ಸುಮಾರಿಗೆ ಮದ್ರಾಸಿನಿಂದ ಕರೆ ಬಂತು. ಹೆಸರಾಂತ ಕಾನೂನು ಪಂಡಿತರೊಬ್ಬರಿಗೆ ಲಕ್ವ ಹೊಡೆದಿತ್ತು. ಅವರಿಗೆ ಯೋಗದಿಂದ ಏನಾದರೂ ಸಹಾಯ ಮಾಡಬಹುದೇ ಎಂಬ ಕೇಳಿಕೆ. ಸ್ವಲ್ಪ ಯೋಚಿಸಿ. ಮೈಸೂರಿನಲ್ಲಿ ಕಲಿತವರು ಜಿಂಕೆಮರಿಯಂಥ ಹುಡುಗರು. ಇಲ್ಲಿ ಮಂಚ ಹಿಡಿದ ರೋಗಿ. ಹುಡುಗರಿಗೆ ಹೇಳಿದ್ದನ್ನು ಇವರಿಗೆ ಹೇಳಿದರೆ ಏನು ಪ್ರಯೋಜನ?

ಮದ್ರಾಸಿನಲ್ಲಿ ಅವರ ಬಳಿ ಬಂದವರೆಲ್ಲ ಹೆಚ್ಚಾಗಿ ಇಂಥವರೇ. ಬೆನ್ನುನೋವಿನವರು, ಉಬ್ಬಸದವರು, ನಿದ್ದೆ ಬಾರದವರು, ವಯಸ್ಸಾದವರು, ಹೆಂಗಸರು, ಮಕ್ಕಳು. ಕೃಷ್ಣಮಾಚಾರ್ಯರು ಗುಂಪು ಕಟ್ಟಲಿಲ್ಲ. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡರು. ನಾಡಿ ನೋಡಿದರು. ಏನು ಕೆಲಸ, ಏನು ಊಟ, ನಿದ್ದೆ ಹೇಗೆ, ಮನೆಯಲ್ಲಿ ಏನು ಚಿಂತೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಆ ಮನುಷ್ಯನಿಗೆ ಆಗುವಷ್ಟೇ ಹೇಳಿಕೊಟ್ಟರು. ಕೈ ಎತ್ತಲಾಗದವರಿಗೆ ಅರ್ಧ ಎತ್ತಿಸಿದರು. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ. ತಾವು ಕಟ್ಟಾ ವೈಷ್ಣವರಾಗಿದ್ದರೂ ಬೇರೆ ದೇವರ ಭಕ್ತರಿಗೆ, ದೇವರನ್ನೇ ನಂಬದವರಿಗೆ ತಮ್ಮ ಮಂತ್ರ ಹೇರಲಿಲ್ಲ. ಮೈಸೂರಿನ ಕಟುಗುರು ಮದ್ರಾಸಿನಲ್ಲಿ ಮೆತ್ತಗಾದರು.

ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ಎಂಜಿನಿಯರಿಂಗ್ ಓದಿದ್ದರು. ಅಪ್ಪನ ಯೋಗದಲ್ಲಿ ಆಸಕ್ತಿ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಒಂದು ದಿನ ಹೊರದೇಶದ ಮಹಿಳೆಯೊಬ್ಬರು ಮನೆಗೆ ಓಡೋಡಿ ಬಂದು, ಎದೆಯ ಮೇಲೆ ಅಂಗವಸ್ತ್ರವೂ ಇಲ್ಲದ ಆ ಮಡಿವಂತ ಮುದುಕರನ್ನು ಎಲ್ಲರೆದುರು ಅಪ್ಪಿಕೊಂಡುಬಿಟ್ಟರು. ಮಗ ದಂಗಾದರು. ವಿಚಾರಿಸಿದರೆ, ವರ್ಷಗಟ್ಟಲೆ ಮಾತ್ರೆ ನುಂಗಿದರೂ ನಿದ್ದೆ ಬಾರದಿದ್ದ ಆಕೆಗೆ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು. ಇಂಗ್ಲಿಷ್ ಸರಿಯಾಗಿ ಬಾರದ ಅಪ್ಪ ಇಷ್ಟು ಮಾಡಬಲ್ಲವರಾದರೆ ತಾನು ಕಲಿಯಲೇಬೇಕೆಂದು ಮಗ ಎಂಜಿನಿಯರ್ ಕೆಲಸದ ಆಸೆ ಬಿಟ್ಟರು. 1976ರಲ್ಲಿ ಅಪ್ಪನ ಹೆಸರಿನಲ್ಲೇ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಕಟ್ಟಿದರು. ದೇಶಿಕಾಚಾರ್ ತೀರಿಕೊಂಡದ್ದು 2016ರಲ್ಲಿ.

ತೊಂಬತ್ತಾರನೇ ವಯಸ್ಸಿಗೆ ಅಜ್ಜ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಬೇಡವೆಂದು ಹಟ ಹಿಡಿದು, ಹಾಸಿಗೆಯಲ್ಲಿ ಮಲಗಿಕೊಂಡೇ ಮಾಡುವ ಅಭ್ಯಾಸಗಳನ್ನು ತಮಗೆ ತಾವೇ ಗೊತ್ತು ಮಾಡಿಕೊಂಡರು. ಇದು ಅವರ ಹಟ. ನಮ್ಮ ಮನೆಯ ಹಿರಿಯರು ಬಿದ್ದರೆ ಮೊದಲು ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು. ಆದರೆ ಒಂದು ಮಾತು ಗಮನಿಸಿ. ಒಂದು ಕಾಲಕ್ಕೆ ಕಾರು ತಡೆದ ಮನುಷ್ಯ ಕೊನೆಗಾಲದಲ್ಲಿ ಹಾಸಿಗೆಯ ಮೇಲೆ ಉಸಿರಿನ ಲೆಕ್ಕ ಹಾಕುತ್ತಿದ್ದರು. ಎರಡೂ ಯೋಗವೇ. ಅಂಗಡಿಯವರಿಗೆ, ಬಸ್ಸಿನವರಿಗೆ ಬೇಕಾದದ್ದು ಎರಡನೆಯದು.

ಹಾಗಾದರೆ ಹೊಸಬರು ಶುರು ಮಾಡೋದು ಹೇಗೆ?

ಪತಂಜಲಿಯ ಯೋಗಕ್ಕೆ ಎಂಟು ಅಂಗ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಅದರಲ್ಲಿ ಆಸನ ಒಂದೇ ಒಂದು. ಮೊದಲ ಅಂಗವಾದ ಯಮದಲ್ಲೇ ಸುಳ್ಳು ಹೇಳಬೇಡ, ಕದಿಯಬೇಡ ಅಂತಿದೆ. ತಕ್ಕಡಿ ಸರಿಯಾಗಿ ಹಿಡಿಯುವ ವ್ಯಾಪಾರಿ ಚಾಪೆ ಹಾಸುವ ಮೊದಲೇ ಒಂದು ಮೆಟ್ಟಿಲು ಹತ್ತಿದ ಹಾಗೆ.

ಕೃಷ್ಣಮಾಚಾರ್ಯರ ಪರಂಪರೆಯಲ್ಲಿ ಅಭ್ಯಾಸಕ್ಕೆ ಮೂರು ಗುರಿ ಹೇಳುತ್ತಾರೆ. ಬೆಳೆಯುವ ಮಕ್ಕಳಿಗೆ ಶಿಕ್ಷಣ, ದುಡಿಯುವ ಸಂಸಾರಸ್ಥರಿಗೆ ರಕ್ಷಣ, ಕಾಯಿಲೆಯವರಿಗೆ ಚಿಕಿತ್ಸೆ. ನಮ್ಮಲ್ಲಿ ಬಹುಪಾಲು ಜನಕ್ಕೆ ಬೇಕಾದದ್ದು ನಡುವಿನದು, ಇದ್ದ ಮೈಯನ್ನು ಕೆಡದಂತೆ ಇಟ್ಟುಕೊಳ್ಳುವುದು. ಅದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ, ಮೊದಲ ಬಸ್ಸಿಗೆ ಹೊರಡುವ ಮುಂಚೆ ಒಳ್ಳೆಯದು. ಹೊಟ್ಟೆ ಖಾಲಿ ಇರಲಿ. ಊಟವಾಗಿದ್ದರೆ ಮೂರು ಗಂಟೆ ಬಿಡಿ. ಮಂಡಕ್ಕಿ-ಮಿರ್ಚಿ ತಿಂದು ಬಗ್ಗಿದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ದುಬಾರಿ ಚಾಪೆ ಬೇಡ, ಮನೆಯ ಕಂಬಳಿಯೇ ಸಾಕು. ಬಟ್ಟೆ ಸಡಿಲ ಇರಲಿ.

ಮೊದಲು ಕಂಬಳಿ ಮಡಿಸಿ ಅದರ ಮೇಲೆ ನೆಟ್ಟಗೆ ಕೂತು ಹತ್ತು ಉಸಿರು ಗಮನಿಸಿ. ಮೂಗಿನಿಂದಲೇ ಒಳಗೆ, ಮೂಗಿನಿಂದಲೇ ಹೊರಗೆ. ಬಿಡುವ ಉಸಿರು ಎಳೆಯುವ ಉಸಿರಿಗಿಂತ ಒಂದಿಷ್ಟು ಉದ್ದ ಇರಲಿ. ಹಿಡಿದಿಟ್ಟುಕೊಳ್ಳಬೇಡಿ.

ಎರಡನೆಯದು, ಎದ್ದು ನಿಂತು ಉಸಿರು ಎಳೆಯುತ್ತಾ ಎರಡೂ ಕೈ ನಿಧಾನವಾಗಿ ಮೇಲೆತ್ತಿ, ಬಿಡುತ್ತಾ ಇಳಿಸಿ. ಆರು ಸಲ. ಉಸಿರು ಮುಗಿಯುವ ಹೊತ್ತಿಗೆ ಕೈಯೂ ಮುಟ್ಟಬೇಕು. ಕೈ ಮುಂದೆ ಓಡಿ ಉಸಿರು ಹಿಂದೆ ಬೀಳಬಾರದು. ಕೃಷ್ಣಮಾಚಾರ್ಯರ ಪಾಠದ ತಿರುಳು ಇದೇ.

ಮೂರನೆಯದು, ಕೈ ಮೇಲಿದ್ದಾಗ ಉಸಿರು ಬಿಡುತ್ತಾ ಮುಂದಕ್ಕೆ ಬಾಗಿ. ಮಂಡಿ ಸ್ವಲ್ಪ ಮಡಿಸಿ. ಕೈ ನೆಲಕ್ಕೆ ಮುಟ್ಟದಿದ್ದರೆ ಮುಟ್ಟದಿರಲಿ, ಮಂಡಿಗೆ ಮುಟ್ಟಿದರೂ ಆಯಿತು. ಉಸಿರು ಎಳೆಯುತ್ತಾ ಮೇಲೇಳಿ. ನಾಲ್ಕು ಸಲ. ಸೊಂಟದಲ್ಲಿ ಹಳೇ ತೊಂದರೆ ಇರುವವರು ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ನಾಲ್ಕನೆಯದು, ಮಕ್ಕಳು ಅಂಬೆಗಾಲಿಡುವ ಹಾಗೆ ಕೈ-ಮಂಡಿ ಊರಿ. ಉಸಿರು ಬಿಡುತ್ತಾ ಪೃಷ್ಠವನ್ನು ಹಿಮ್ಮಡಿಯ ಕಡೆ ತನ್ನಿ, ಎಳೆಯುತ್ತಾ ಮತ್ತೆ ಮುಂದಕ್ಕೆ ಬನ್ನಿ. ಆರು ಸಲ. ಇಡೀ ದಿನ ಗಾದಿ ಮೇಲೆ ಕೂತ ಬೆನ್ನಿಗೆ ಇದು ಹಿತ.

ಐದನೆಯದು, ಅಂಗಾತ ಮಲಗಿ, ಮಂಡಿ ಮಡಿಸಿ, ಕೈಯಿಂದ ಹಿಡಿದು, ಉಸಿರು ಬಿಡುತ್ತಾ ಎದೆಯ ಕಡೆ ತನ್ನಿ. ಎಳೆಯುತ್ತಾ ಸಡಿಲ ಬಿಡಿ. ಆರು ಸಲ.

ಕೊನೆಗೆ ಶವಾಸನ. ಐದು ನಿಮಿಷ ಕಣ್ಣು ಮುಚ್ಚಿ ಮಲಗಿ. ಇದನ್ನು ಬಿಟ್ಟು ಓಡುವವರೇ ಜಾಸ್ತಿ. ಬಿಡಬೇಡಿ.

ಒಂದು ಕಡೆಗೆ ಜೋರಾಗಿ ಬಾಗಿದರೆ ಆಮೇಲೆ ಅದಕ್ಕೆ ಎದುರಾದ ಸಣ್ಣ ಆಸನ ಮಾಡಿ ಮೈಯನ್ನು ಸಮ ಮಾಡಿಕೊಳ್ಳಬೇಕು ಎಂಬುದೂ ಅವರ ಪರಂಪರೆಯ ಪಾಠವೇ. ಪ್ರತಿಕ್ರಿಯೆ ಎಂದು ಅದಕ್ಕೆ ಹೆಸರು. ಜಮಾ-ಖರ್ಚು ಸರಿದೂಗಿಸುವುದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕೇ?

ಇಷ್ಟು ಎಚ್ಚರ ಇರಲಿ

ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಕಣ್ಣಿನ ಒತ್ತಡ, ಬೆನ್ನಿನ ಡಿಸ್ಕ್ ತೊಂದರೆ ಇದ್ದವರು, ಬಸುರಿ ಹೆಣ್ಣುಮಕ್ಕಳು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಶೀರ್ಷಾಸನವನ್ನು ಮೊಬೈಲ್ ನೋಡಿ ಕಲಿಯುವ ಸಾಹಸ ಬೇಡ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಹಲ್ಲು ಕಚ್ಚಿ ಮಾಡಿದರೆ ಪುಣ್ಯ ಬರೋದಿಲ್ಲ, ಉಳುಕು ಬರುತ್ತೆ. ಬೆನ್ನುನೋವಿಗೆ ಯೋಗದಿಂದ ಸ್ವಲ್ಪ ಮಟ್ಟಿಗೆ ಗುಣ ಕಾಣುತ್ತದೆ ಎಂದು ವೈದ್ಯರ ಅಧ್ಯಯನಗಳು ಹೇಳುತ್ತವೆ. ಹಾಗಂತ ಸಕ್ಕರೆ ಕಾಯಿಲೆಯ ಮಾತ್ರೆ, ಬಿ.ಪಿ. ಮಾತ್ರೆ ಬಿಟ್ಟು ಚಾಪೆ ಹಾಸುವುದು ಮೂರ್ಖತನ. ಮಾತ್ರೆಯೂ ಇರಲಿ, ಯೋಗವೂ ಇರಲಿ.

ನಮ್ಮೂರಿಗೆ ಏನು ಬೇಕು

ನಮ್ಮ ಕಡೆಗೆ ಯೋಗ ಹೊಸದಲ್ಲ. ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿ, ತಿರುಕ ಎಂಬ ಹೆಸರಿನಲ್ಲಿ ಪುಸ್ತಕ ಬರೆದ ರಾಘವೇಂದ್ರ ಸ್ವಾಮೀಜಿಯವರು 1996ರಲ್ಲಿ ತೀರಿಕೊಳ್ಳುವವರೆಗೂ ಹಳ್ಳಿಗರಿಗೆ ಯೋಗ ಹೇಳಿಕೊಟ್ಟರು. ಅವರ ಶಿಬಿರದಲ್ಲಿ ಕಲಿತ ಹಿರಿಯರು ಸುತ್ತಮುತ್ತಲ ಊರುಗಳಲ್ಲಿ ಇನ್ನೂ ಸಿಗುತ್ತಾರೆ.

2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಹೊಸ ಕಚೇರಿ, ಹೊಸ ಬೋರ್ಡು ಬಂದವು. ಜೂನ್ 21ರ ಒಂದು ದಿನದ ಜಮಖಾನಕ್ಕೆ ಆಗುವ ಖರ್ಚಿನಲ್ಲಿ ಪ್ರತಿ ತಾಲೂಕು ಊರಿನಲ್ಲೂ ಶಾಲೆಯ ಒಂದು ಕೋಣೆಯನ್ನು ಬೆಳಿಗ್ಗೆ ಒಂದು ತಾಸು ತೆರೆದಿಡಲು ಆಗದೇ? ಅಲ್ಲಿ ಮೈಕು ಬೇಡ, ಫೋಟೋ ಬೇಡ. ಬಂದವರ ವಯಸ್ಸೆಷ್ಟು, ಕೆಲಸ ಏನು, ಎಲ್ಲಿ ನೋವು ಎಂದು ಕೇಳಿ, ಅವರಿಗೆ ಆಗುವಷ್ಟೇ ಹೇಳಿಕೊಡುವ ಒಬ್ಬ ಮೇಷ್ಟ್ರು ಸಾಕು. ಕೃಷ್ಣಮಾಚಾರ್ಯರು ಮದ್ರಾಸಿನಲ್ಲಿ ಮಾಡಿದ್ದು ಅಷ್ಟೇ. ಐನೂರು ಜನರನ್ನು ಸಾಲಾಗಿ ನಿಲ್ಲಿಸಿ ಒಂದೇ ಆಸನ ಹಾಕಿಸಿದರೆ ಹುಡುಗ ಬಗ್ಗುತ್ತಾನೆ, ಐವತ್ತರ ಸಾವ್ಕಾರ್ರು ಸೊಂಟ ಹಿಡಿದುಕೊಂಡು ಮನೆಗೆ ಹೋಗಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಜಾತ್ರೆಯ ಹೊತ್ತಿಗೆ ಎಲ್ಲೆಲ್ಲಿಂದಲೋ ಕೊಟ್ಟೂರಿಗೆ ಪಾದಯಾತ್ರೆ ಬರುವ ಜನ ನಮ್ಮವರು. ಕಾಲಿಗೆ ಶಕ್ತಿ ಇಲ್ಲ ಅನ್ನೋ ಹಾಗಿಲ್ಲ. ಇಪ್ಪತ್ತು ನಿಮಿಷ ಪುರುಸೊತ್ತು ಇಲ್ಲ ಅಂತೀರಾ? ಬಸ್ಸಿಗೆ ಕಾಯೋದೇ ಅದಕ್ಕಿಂತ ಜಾಸ್ತಿ. ಸೀಟು ಸಿಕ್ಕರೆ ಬೆನ್ನು ನೆಟ್ಟಗೆ ಮಾಡಿ ಕೂತು, ಮೊಬೈಲ್ ಜೇಬಿಗೆ ಹಾಕಿ, ಹತ್ತು ಉಸಿರು ಉದ್ದಕ್ಕೆ ಬಿಟ್ಟು ನೋಡಿ. ಅಲ್ಲಿಂದ ಶುರು ಮಾಡಿದರೂ ಶುರುವೇ.